ಸ್ವತಂತ್ರ ಭಾರತದ ಕಥೋಲಿಕ ನಾಯಕತ್ವ: ಆಯ್ಕೆಯ ಅಧಿಕಾರದ ಪ್ರಶ್ನೆ

ಕರ್ನಾಟಕದ ಕ್ರೈಸ್ತ ಪರಂಪರೆಯನ್ನು ಕುರಿತ ಕನ್ನಡ ಸಂಶೋಧನೆಯು ಬಹುಮಟ್ಟಿಗೆ ಮಿಶನರಿಗಳ ಕೊಡುಗೆಯ ಸುತ್ತ ಬೆಳೆದುಬಂದಿದೆ. 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು ಆ ಕಥನದ ಶಿಖರಗಳು. ಹೊರಗಿನವರು ಕೊಟ್ಟರು, ನಾಡವರು ಪಡೆದರು ಎಂಬ ಈ ಚೌಕಟ್ಟಿನಲ್ಲಿ, ನಾಡವರೇ ಧರ್ಮಸಭೆಯ ಚುಕ್ಕಾಣಿ ಹಿಡಿದ ಇಪ್ಪತ್ತನೆಯ ಶತಮಾನದ ಅಧ್ಯಾಯಕ್ಕೆ ತಕ್ಕ ಎಡೆ ದೊರೆತಿಲ್ಲ.

ಕಥೋಲಿಕ ಧರ್ಮಸಭೆಯಲ್ಲಿ ಈ ಪಲ್ಲಟವು ಸ್ವಾತಂತ್ರ್ಯದೊಡನೆ ಒಮ್ಮೆಗೇ ಸಂಭವಿಸಿದ್ದಲ್ಲ. 1923ರಲ್ಲಿ ತೂತ್ತುಕುಡಿಗೆ ತಿಬೂರ್ಷಿಯಸ್ ರೋಚ್, 1928ರಲ್ಲಿ ಮಂಗಳೂರಿಗೆ ವಲೇರಿಯನ್ ಡಿಸೋಜ ಧರ್ಮಾಧ್ಯಕ್ಷರಾದರು. 1944ರಲ್ಲಿ ಮದರಾಸಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ರೂಪುಗೊಂಡಿತು. ಆದರೆ ಪೀಠದಲ್ಲಿ ಯಾರು ಕುಳಿತರು ಎಂಬುದರಷ್ಟೇ ಅವರನ್ನು ಯಾರು ಆರಿಸಿದರು ಎಂಬುದೂ ಮುಖ್ಯ.

ಪೋರ್ಚುಗಲ್ಲಿಗೆ ಪೋಪರಿಂದ ದೊರೆತಿದ್ದ ‘ಪದ್ರುವಾದೊ’ ಎಂಬ ಆಶ್ರಯಾಧಿಕಾರವನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. 1886ರ ಒಪ್ಪಂದದಂತೆ ಮುಂಬಯಿ, ಮಂಗಳೂರು, ಕೊಲ್ಲಂ, ತಿರುಚಿರಾಪಳ್ಳಿ ಪೀಠಗಳಿಗೆ ಅಭ್ಯರ್ಥಿಯನ್ನು ಸೂಚಿಸುವ ಹಕ್ಕು ಆ ದೇಶದ ಅರಸನಿಗಿತ್ತು. ಗಣರಾಜ್ಯ ಸ್ಥಾಪನೆಯಾದ ಮೇಲೆ ಅದು ರಾಷ್ಟ್ರಾಧ್ಯಕ್ಷರಿಗೆ ಸಂದಿತು. 1928ರ ಒಪ್ಪಂದದಂತೆ ಮುಂಬಯಿಯಲ್ಲಿ ಪೋರ್ಚುಗೀಸ್ ಮತ್ತು ಬ್ರಿಟಿಷ್ ಮಹಾಧರ್ಮಾಧ್ಯಕ್ಷರು ಸರದಿಯಂತೆ ಬರಬೇಕಿತ್ತು. ಭಾರತೀಯರಿಗೆ ಆ ಸರದಿಯಲ್ಲಿ ಸ್ಥಳವೇ ಇರಲಿಲ್ಲ. 1946ರಲ್ಲಿ ವಲೇರಿಯನ್ ಗ್ರೇಶಿಯಸ್ ಸಹಾಯಕ ಧರ್ಮಾಧ್ಯಕ್ಷರಾದ ಬಳಿಕ, ಮುಂಬಯಿಯ ಆಂಗ್ಲ ಮಹಾಧರ್ಮಾಧ್ಯಕ್ಷ ಥಾಮಸ್ ರಾಬರ್ಟ್ಸ್ ಆಡಳಿತವನ್ನು ಅವರಿಗೆ ಬಿಟ್ಟು ಹೊರಟರು. ಪೋರ್ಚುಗಲ್ ತನ್ನ ಹಕ್ಕನ್ನು ತ್ಯಜಿಸಿದ್ದು 1950ರ ಜುಲೈ 18ರಂದು. ಅದೇ ವರ್ಷದ ಡಿಸೆಂಬರಿನಲ್ಲಿ ಗ್ರೇಶಿಯಸ್ ಮಹಾಧರ್ಮಾಧ್ಯಕ್ಷರಾದರು. ಹೀಗೆ ದೇಶ ಸ್ವತಂತ್ರವಾದ ಮೇಲೂ ಸುಮಾರು ಮೂರು ವರ್ಷ ಮಂಗಳೂರಿನ ಪೀಠದ ಮೇಲೆ ಲಿಸ್ಬನ್ನಿನ ಹಕ್ಕು ಉಳಿದಿತ್ತು.

1950ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತದ ಧರ್ಮಾಧ್ಯಕ್ಷರ ಮಹಾಸಭೆಯೂ ಈ ಸಂಧಿಕಾಲದ ದ್ಯೋತಕವೇ. ಭಾರತೀಯ ಕಾರ್ಡಿನಲ್ ಒಬ್ಬರೂ ಇಲ್ಲದಿದ್ದ ಆ ಹೊತ್ತಿನಲ್ಲಿ ಪೋಪರ ಪ್ರತಿನಿಧಿಯಾಗಿ ಅಧ್ಯಕ್ಷತೆ ವಹಿಸಿದವರು ಸಿಡ್ನಿಯ ಕಾರ್ಡಿನಲ್ ನಾರ್ಮನ್ ಗಿಲ್ರಾಯ್. ಮಂಗಳೂರಿನ ಸಂತ ಜೋಸೆಫರ ಗುರುಮಠದಲ್ಲಿ ಓದಿದ್ದ ಗ್ರೇಶಿಯಸ್ 1953ರಲ್ಲಿ ಮೊದಲ ಭಾರತೀಯ ಕಾರ್ಡಿನಲ್ ಆದರು.

ಇದನ್ನು ಕೇವಲ ವಿಜಯದ ಕಥನವಾಗಿ ಓದುವುದು ಸರಿಯಲ್ಲ. ಲಿಸ್ಬನ್ ಬಿಟ್ಟುಕೊಟ್ಟ ಅಧಿಕಾರ ಸೇರಿದ್ದು ರೋಮನ್ನು. ಸ್ಥಳೀಯ ಗುರುಗಳಿಗಾಗಲಿ ಭಕ್ತಜನರಿಗಾಗಲಿ ಆಯ್ಕೆಯ ಮತ ದೊರೆಯಲಿಲ್ಲ. ರಾಜಕೀಯ ಸ್ವಾತಂತ್ರ್ಯ, ನಾಯಕತ್ವದ ಭಾರತೀಕರಣ, ಸಮುದಾಯದ ಸ್ವಾಯತ್ತತೆ ಇವು ಮೂರೂ ಬೇರೆ ಬೇರೆ. ಇವುಗಳನ್ನು ಒಂದೇ ಎಂದು ಭಾವಿಸುವುದರಿಂದಲೇ ವಸಾಹತೋತ್ತರ ಚಿಂತನೆ ಹಲವು ಬಾರಿ ಸರಳೀಕರಣಕ್ಕೆ ಒಳಗಾಗುತ್ತದೆ.

ಆ ಕಾಲವನ್ನು ಸಮುದಾಯ ಹೇಗೆ ಕಂಡಿತು ಎಂಬುದನ್ನು ಅರಿಯಲು ದೂರ ಹೋಗಬೇಕಿಲ್ಲ. ಮಂಗಳೂರು ಧರ್ಮಪ್ರಾಂತದ ಕೊಂಕಣಿ ಪತ್ರಿಕೆ ‘ರಾಕ್ಣೊ’ 1938ರಲ್ಲಿ ಆರಂಭವಾಗಿ, ಕನ್ನಡ ಲಿಪಿಯಲ್ಲೇ ಮುದ್ರಣಗೊಳ್ಳುತ್ತ ಬಂದಿದೆ. ಭಾಷೆ ಕೊಂಕಣಿ ಎಂಬ ಕಾರಣಕ್ಕೆ ಅದನ್ನು ಕನ್ನಡ ವಿಭಾಗಗಳು ತಮ್ಮ ಪರಿಧಿಯಾಚೆ ಇರಿಸುವುದು ಉಚಿತವಲ್ಲ. ಕಿಟೆಲ್ಲರಿಗೆ ಸಂದ ಶ್ರದ್ಧೆಯ ಒಂದು ಪಾಲಾದರೂ ಆ ಪುಟಗಳಿಗೆ ಸಲ್ಲಬೇಕು. ಆಗ ಕರ್ನಾಟಕದ ಕ್ರೈಸ್ತರು ಕೊಡುಗೆ ಸ್ವೀಕರಿಸಿದವರಾಗಿ ಮಾತ್ರವಲ್ಲ, ಅಧಿಕಾರದ ಪ್ರಶ್ನೆಯನ್ನು ಎದುರಿಸಿದವರಾಗಿಯೂ ನಮ್ಮ ಸಂಶೋಧನೆಯಲ್ಲಿ ಕಾಣಿಸಿಕೊಂಡಾರು.