ಕೊಂಡ ಎತ್ತಿನ ಹಲ್ಲು

ದಾನವಾಗಿ ಬಂದ ಆಕಳ ಹಲ್ಲು ಎಣಿಸಬಾರದೆಂಬುದು ಹಳೆಯ ಗಾದೆ. ಅದರ ಮಗ್ಗುಲಲ್ಲಿಯೇ ಇನ್ನೊಂದು ವಿವೇಕ ಅಡಗಿದೆ: ದುಡ್ಡು ಕೊಟ್ಟು ಕೊಳ್ಳುವುದರ ಹಲ್ಲನ್ನು ಎಣಿಸಲೇಬೇಕು. ದೇವಣಿ ತಳಿಯ ದನಗಳಿಗೆ ಹೆಸರಾದ ಉದಗೀರ ಸೀಮೆಯ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಎತ್ತಿನ ಮೈಬಣ್ಣಕ್ಕೆ, ಕೊಂಬಿನ ಅಂದಕ್ಕೆ ಮನಸೋತರೂ ಅವನ ಕೈ ಮೊದಲು ಹೋಗುವುದು ಅದರ ಬಾಯಿಗೆ. ಎರಡು ಹಲ್ಲೋ, ನಾಲ್ಕೋ, ಎಂಟೂ ಬಂದು ಬಾಯಿಗೂಡಿದೆಯೋ ಎಂದು ನೋಡಿ, ನಡೆಸಿ, ನೊಗ ಹೂಡಿಸಿದ ಮೇಲೆಯೇ ಬೆಲೆಯ ಮಾತು.

ಇಂದಿನ ತರುಣರ ಕಣ್ಣು ಬೇರೊಂದು ಸಂತೆಯ ಮೇಲಿದೆ. ಮಹಾನಗರಗಳಲ್ಲಿ ಸಿರಿವಂತರು ಬಳಸಿ ಬಿಟ್ಟ ವಿದೇಶಿ ಕಾರುಗಳು ಹೊಸದಕ್ಕಿಂತ ಬಹಳ ಕಡಿಮೆ ಬೆಲೆಗೆ ದೊರೆಯುತ್ತವೆ. ಅವುಗಳ ಚಿತ್ರಗಳು ಮೊಬೈಲುಗಳಲ್ಲಿ ಓಡುತ್ತಿರುತ್ತವೆ. ಬಣ್ಣ, ವೇಗ, ಸದ್ದು ಎಲ್ಲವೂ ಅಲ್ಲಿ ಕಾಣುತ್ತವೆ. ಕಾಣದಿರುವುದು ಹಲ್ಲು ಮಾತ್ರ. ಕಾರಿನ ಹಲ್ಲು ಇರುವುದು ಅದರ ಕಾಗದಪತ್ರಗಳಲ್ಲಿ.

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಎರಡು ಪ್ರಸಂಗಗಳು ಇದಕ್ಕೆ ಸಾಕ್ಷಿ. ಮಹಾರಾಷ್ಟ್ರದ ನೋಂದಣಿಯಿದ್ದ ಕೆಂಪು ಫೆರಾರಿ ಕಾರೊಂದು 2023ರಿಂದಲೂ ಅಲ್ಲಿಯೇ ಓಡಾಡುತ್ತಿದ್ದುದು ಬೆಳಕಿಗೆ ಬಂದು, ಒಡೆಯರು ಸುಮಾರು 1.42 ಕೋಟಿ ರೂಪಾಯಿ ಕಟ್ಟಬೇಕಾಯಿತು. ಅಮಿತಾಭ್ ಬಚ್ಚನ್ ಹಾಗೂ ಆಮಿರ್ ಖಾನ್ ಹಿಂದೆ ಹೊಂದಿದ್ದ ಎರಡು ರೋಲ್ಸ್ ರಾಯ್ಸ್ ಕಾರುಗಳನ್ನು ಕೊಂಡಿದ್ದವರ ಮೇಲೆ 38 ಲಕ್ಷಕ್ಕೂ ಮಿಕ್ಕಿದ ತೆರಿಗೆ ಬಿತ್ತು. ಕಾರು ಕೈ ಬದಲಿಸಿತ್ತು, ಕಾಗದ ಬದಲಾಗಿರಲಿಲ್ಲ.

ಇದರ ಮೂಲ ತೆರಿಗೆಯ ಅಂತರದಲ್ಲಿದೆ. ಮಹಾರಾಷ್ಟ್ರದಲ್ಲಿ ಕಾರಿನ ಬೆಲೆ ಎಷ್ಟೇ ಏರಿದರೂ ಒಮ್ಮೆ ಕಟ್ಟುವ ತೆರಿಗೆಗೆ 20 ಲಕ್ಷ ರೂಪಾಯಿಯ ಮಿತಿಯಿತ್ತು; 2025ರ ಜುಲೈ 1ರಿಂದ ಅದು 30 ಲಕ್ಷವಾಗಿದೆ. ಕರ್ನಾಟಕದಲ್ಲಿ ಅಂಥ ಮಿತಿಯಿಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮು ಸ್ಪಷ್ಟವಾಗಿದೆ: ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡ ವಾಹನಕ್ಕೆ ಆ ರಾಜ್ಯದ ನೋಂದಣಿ ಸಂಖ್ಯೆ ಬೇಕು.

ಕೋಟಿ ಕಟ್ಟಬಲ್ಲವರ ಕತೆ ನಮಗೇಕೆ ಎನ್ನಬಹುದು. ಗಡಿಯವರಿಗೆ ಅದು ದೂರದ ಕತೆಯಲ್ಲ. ಉದಗೀರದಲ್ಲಿ ಹಳೆಯ ಕಾರು ಕೊಂಡು ಕಮಲನಗರಕ್ಕೋ ಭಾಲ್ಕಿಗೋ ಒಯ್ಯುವ ಮೇಷ್ಟರಿಗೂ, ಅಂಗಡಿಕಾರನಿಗೂ ಇದೇ ಕಾಯ್ದೆ. ಬೀಗರ ಮನೆಗೆ, ಸಂತೆಗೆ, ಆಸ್ಪತ್ರೆಗೆ ನಿತ್ಯ ಗಡಿ ದಾಟುವುದು ತಪ್ಪಲ್ಲ. ಕಾನೂನು ಕೇಳುವುದು ಗಾಡಿ ಎಲ್ಲಿಗೆ ಹೋಗಿತ್ತೆಂದಲ್ಲ, ಎಲ್ಲಿ ನೆಲೆಸಿದೆ ಎಂದು. ಸಿರಿವಂತನಿಗೆ ತೆರಿಗೆ ಕಟ್ಟಿದ ಮೇಲೂ ಕಾರು ಉಳಿಯುತ್ತದೆ. ಹೊಲದ ಮೇಲೆ ಸಾಲ ತಂದವನಿಗೆ ಕಾರೂ ಉಳಿಯಲಿಕ್ಕಿಲ್ಲ, ಹೊಲವೂ ಉಳಿಯಲಿಕ್ಕಿಲ್ಲ.

ಹಳೆಯದನ್ನು ಕೊಳ್ಳುವುದರಲ್ಲಿ ಅವಮಾನವಿಲ್ಲ, ಓದದೆ ಕೊಳ್ಳುವುದರಲ್ಲಿದೆ. ನೋಂದಣಿ ಪತ್ರದಲ್ಲಿ ಯಾರ ಹೆಸರಿದೆ, ಬ್ಯಾಂಕಿನ ಸಾಲ ತೀರಿದೆಯೇ, ಮೂಲ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬಂದಿದೆಯೇ, ಹೊಸ ರಾಜ್ಯದ ತೆರಿಗೆ ಎಷ್ಟು ಎಂಬ ನಾಲ್ಕು ಪ್ರಶ್ನೆಗಳೇ ನಾಲ್ಕು ಹಲ್ಲುಗಳು. ಹಳಗನ್ನಡದ ಶಾಸನವೊಂದನ್ನು ಕೈಗೆತ್ತಿಕೊಂಡ ವಿದ್ಯಾರ್ಥಿ ಮೊದಲು ಕೇಳುವುದೂ ಇಂಥವನ್ನೇ: ಕೊಟ್ಟವರಾರು, ಪಡೆದವರಾರು, ಯಾವ ಕರಾರಿನ ಮೇಲೆ? ಕಲ್ಲಿನ ಬರಹಕ್ಕೆ ತೋರುವ ಆ ಎಚ್ಚರವನ್ನು ಮನೆಯ ಕಾಗದಕ್ಕೂ ತೋರಿದರೆ ಕನ್ನಡ ಐಚ್ಛಿಕದ ಓದು ಪರೀಕ್ಷೆಯಾಚೆಗೂ ನೆರವಿಗೆ ಬಂದೀತು.