ಐವತ್ತು ದಾಟಿದ ಮೇಲೆ ಸಿಕ್ಕ ಉತ್ತರ

ಸ್ಕಾಟ್ಲೆಂಡಿನ ಸೂಸನ್ ಬಾಯ್ಲ್ 2009ರಲ್ಲಿ ಟಿ.ವಿ. ಸ್ಪರ್ಧೆಯೊಂದರಲ್ಲಿ ಹಾಡಿ ಜಗತ್ಪ್ರಸಿದ್ಧರಾದರು. ಆದರೆ ಶಾಲೆಯಲ್ಲಿ ಸಹಪಾಠಿಗಳು ಅವರನ್ನು ಹಂಗಿಸುತ್ತಿದ್ದರು. ಹುಟ್ಟುವಾಗ ಆಮ್ಲಜನಕ ಸಾಲದೆ ಮಿದುಳಿಗೆ ಪೆಟ್ಟಾಗಿದೆ ಎಂದೇ ಎಲ್ಲರೂ ನಂಬಿದ್ದರು. 2012ರಲ್ಲಿ, ತಮ್ಮ 51ನೇ ವಯಸ್ಸಿನಲ್ಲಿ, ಅವರು ತಾವಾಗಿಯೇ ತಜ್ಞರನ್ನು ಕಂಡರು. ಅದು ಆಸ್ಪರ್ಜರ್ ಲಕ್ಷಣಕೂಟ, ಬುದ್ಧಿಮತ್ತೆ ಸರಾಸರಿಗಿಂತ ಹೆಚ್ಚು ಎಂದು ತಿಳಿಯಿತು. ಈಗ ಅದನ್ನು ಆಟಿಸಂ (ಸ್ವಲೀನತೆ) ಎಂದೇ ಪರಿಗಣಿಸುತ್ತಾರೆ.

ಆಟಿಸಂ ದೊಡ್ಡವರಾದ ಮೇಲೆ ಬರುವ ರೋಗವಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಮಾತಿನ ಹಿಂದಿನ ಇಂಗಿತ ತಿಳಿಯದಿರುವುದು, ಗದ್ದಲ ಸಹಿಸಲಾಗದಿರುವುದು, ದಿನಚರಿ ಬದಲಾದರೆ ಕಂಗೆಡುವುದು ಇದರ ಕೆಲವು ಲಕ್ಷಣಗಳು. ಚೆನ್ನಾಗಿ ಓದುವ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಇದು ಎಷ್ಟೋ ಸಲ ಗಮನಕ್ಕೇ ಬರುವುದಿಲ್ಲ. ಅಂಥವರು ದೊಡ್ಡವರಾದ ಮೇಲೆ ‘ನಾನೇಕೆ ಹೀಗೆ?’ ಎಂದು ಕೇಳಿಕೊಳ್ಳುತ್ತಾರೆ.

ಕೇಂಬ್ರಿಜ್ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ 50 ಪ್ರಶ್ನೆಗಳ ಪಟ್ಟಿಯೊಂದಿದೆ. ಅದರಿಂದ ಸುಳಿವು ಸಿಕ್ಕೀತೇ ಹೊರತು ತೀರ್ಮಾನವಲ್ಲ. ತಜ್ಞರು ಬಾಲ್ಯದ ವಿವರಗಳನ್ನೂ ಕೇಳುತ್ತಾರೆ. ಅಲ್ಲಿ ತಂದೆತಾಯಿಯರ ನೆನಪು ಬಹಳ ಉಪಯುಕ್ತ.

ಆಟಿಸಂ ವಾಸಿಮಾಡುವ ಮದ್ದಿಲ್ಲ. ಆದರೂ ವಿಷಯ ತಿಳಿದು ಸೂಸನ್‌ಗೆ ನೆಮ್ಮದಿಯಾಯಿತು. ಪೋಷಕರೇ, ಮಗುವನ್ನು ‘ದಡ್ಡ’, ‘ಮೊಂಡ’ ಎನ್ನುವ ಮುನ್ನ ಒಮ್ಮೆ ಯೋಚಿಸಿ. ಆ ಹೆಸರು ಐವತ್ತು ವರ್ಷ ಅಂಟಿಕೊಂಡೀತು.