ಸುಸ್ತಿ ಪಟ್ಟಿಯಲ್ಲಿ ಕಂಡ ಜ್ವರ

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೊಣಕಾಲು ನೋವುಗಳನ್ನು ಕುರಿತು ನುರಿತ ವೈದ್ಯರು ಬರೆಯುವುದು ವಾಡಿಕೆ. ಅವರ ನಡುವೆ ದನಕರುಗಳ ರೋಗದ ವಿಚಾರವಾಗಿ, ಅದೂ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡುವವನೊಬ್ಬನು ಲೇಖನಿ ಹಿಡಿದದ್ದು ಅಧಿಕಪ್ರಸಂಗವೆನಿಸಬಹುದು. ಅಣ್ಣಾ ನಗರದ ಮೂರನೆಯ ಮಹಡಿಯಲ್ಲಿ ಹಸು ಕಟ್ಟಿದವರು ನಮ್ಮಲ್ಲಿ ಯಾರೂ ಇಲ್ಲ, ನಿಜ. ಆದರೆ ಬೆಳಗಿನ ಕಾಫಿಗೆ ಹಾಲು ಬೇಕು. ಊರಿನಲ್ಲಿ ಅನೇಕರಿಗೆ ಇನ್ನೂ ಕೊಟ್ಟಿಗೆಯಿದೆ. ಅದನ್ನು ನೋಡಿಕೊಳ್ಳುವ ಅಣ್ಣನೋ ಚಿಕ್ಕಪ್ಪನೋ ಇದ್ದಾರೆ. ಆದುದರಿಂದ ವಾಚಕರು ಸ್ವಲ್ಪ ಹೊತ್ತು ಸಹಿಸಿಕೊಳ್ಳಬೇಕಾಗಿ ಬೇಡುತ್ತೇನೆ.

2013ರಲ್ಲಿ ನಾನು ಕೋಲಾರ ಜಿಲ್ಲೆಯ ಒಂದು ಗ್ರಾಮಾಂತರ ಶಾಖೆಯಲ್ಲಿದ್ದೆ. ಶಾಖೆಯ ಸಾಲಗಳಲ್ಲಿ ಹೆಚ್ಚಿನವು ಸೀಮೆಹಸುವಿನ ಸಾಲಗಳು. ರೈತರು ಡೇರಿಗೆ ಹಾಲು ಹಾಕುತ್ತಿದ್ದರು. ಬಟವಾಡೆಯ ದಿನ ಸಂಘದವರು ಕಂತನ್ನು ಮುರಿದುಕೊಂಡು ನಮಗೆ ಕಳುಹಿಸುತ್ತಿದ್ದರು. ಆ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಹಳ್ಳಿಯ ಕಂತುಗಳು ಒಮ್ಮೆಗೇ ಇಳಿದುವು. ಮುಂದಿನ ಬಟವಾಡೆಯಲ್ಲಿ ಪಕ್ಕದ ಎರಡು ಹಳ್ಳಿಗಳವೂ ಇಳಿದುವು. ನಾನು ಏನು ಮಾಡಿದೆನೆಂಬುದನ್ನು ಮುಚ್ಚಿಡದೆ ಹೇಳುತ್ತೇನೆ: ಸುಸ್ತಿದಾರರ ಪಟ್ಟಿ ತಯಾರಿಸಿ, ನೋಟೀಸು ಬರೆಸಿ, ಅಂಚೆಗೆ ಹಾಕಿಸಿದೆ. ಕಾಲುಬಾಯಿ ಜ್ವರವೆಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅದಾದ ಮೇಲೆ. ಆ ವರ್ಷ ಕರ್ನಾಟಕದಲ್ಲಿ ಆ ಜ್ವರಕ್ಕೆ ಸಾವಿರಾರು ರಾಸುಗಳು ಬಲಿಯಾದುವು.

ನೋಟೀಸು ಹೋದವರಲ್ಲಿ ಒಬ್ಬಳು ವಿಧವೆ. ಎರಡು ಹಸುಗಳಲ್ಲಿ ಒಂದು ಸತ್ತಿತ್ತು. ವಿಮೆಯಿತ್ತು, ಆದರೆ ಹಸುವಿನ ಕಿವಿಯೋಲೆ ಯಾವಾಗಲೋ ಬೇಲಿಗೆ ಸಿಕ್ಕಿ ಹರಿದುಹೋಗಿತ್ತು. ಓಲೆಯಿಲ್ಲದೆ ಪರಿಹಾರವಿಲ್ಲವೆಂಬುದು ವಿಮೆಯ ನಿಯಮ, ಅರ್ಜಿ ತಿರಸ್ಕೃತವಾಯಿತು. ಆಕೆ ನನ್ನ ಮೇಜಿನೆದುರು ನಿಂತು, “ಸಾಮಿ, ಕಿವಿ ಹರಿದಿರೋದು ಕಾಣ್ತದಲ್ಲಾ, ಹಸು ಸತ್ತಿದ್ದೂ ನಿಜ ತಾನೆ?” ಎಂದು ಕೇಳಿದಳು. ನಿಯಮದ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಆ ದಿನಗಳಿಂದ ಒಂದು ವಿಚಾರ ನನ್ನನ್ನು ಬಿಟ್ಟಿಲ್ಲ. ರೋಗವು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆಯೆಂಬುದು ನನ್ನ ಲೆಡ್ಜರಿನಲ್ಲಿ ಹಳ್ಳಿವಾರು, ತಾರೀಖುವಾರು ದಾಖಲಾಗಿತ್ತು. ಅದನ್ನು ಓದಬಲ್ಲವರ ಕೈಗೆ ಅದು ತಲಪಲಿಲ್ಲ. ಯಾರ ಕೈಯಲ್ಲಿತ್ತೋ ಅವನಿಗೆ ಓದಲು ಬರಲಿಲ್ಲ.

ಓದಬಲ್ಲವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಪಶುರೋಗಗಳ ಮೇಲೆ ನಿಗಾ ಇಡುವ ರಾಷ್ಟ್ರೀಯ ಯೋಜನೆಯೊಂದು 1987ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೊದಲಾಯಿತು. ಅದೇ ಬೆಳೆದು 2013ರಲ್ಲಿ, ಅಂದರೆ ನಾನು ನೋಟೀಸು ಬರೆಸುತ್ತಿದ್ದ ವರ್ಷದಲ್ಲಿಯೇ, ‘ನಿವೇದಿ’ ಎಂಬ ರಾಷ್ಟ್ರೀಯ ಸಂಸ್ಥೆಯಾಯಿತು. ಈಗ ಯಲಹಂಕದ ಬಳಿ ಇದೆ. ಹಳೆಯ ರೋಗಗಳ ದಾಖಲೆ, ಮಳೆ, ಉಷ್ಣತೆ, ಜಾನುವಾರು ಸಂಖ್ಯೆ ಇವನ್ನೆಲ್ಲ ಕೂಡಿಸಿ ಯಾವ ಜಿಲ್ಲೆಯಲ್ಲಿ ಯಾವ ರೋಗ ತಲೆದೋರುವ ಸಂಭವವಿದೆಯೆಂದು ಅಲ್ಲಿಯ ವಿಜ್ಞಾನಿಗಳು ಎರಡು ತಿಂಗಳು ಮುಂಚಿತವಾಗಿ ತಿಳಿಸುತ್ತಾರೆ. ನೆರಡಿ, ಚಪ್ಪೆ ರೋಗ, ಗಳಲೆ ರೋಗ, ಕಾಲುಬಾಯಿ ಜ್ವರ ಎಲ್ಲವೂ ಅದರಲ್ಲಿವೆ. ಹವಾಮಾನ ವರದಿಯನ್ನು ಪ್ರತಿದಿನ ಕೇಳುವ ನಾವು ಇಂಥದೊಂದು ಇದೆಯೆಂಬುದನ್ನೇ ಅರಿಯೆವು.

ಈ ಶಾಸ್ತ್ರದ ಲೆಕ್ಕಾಚಾರ ನನ್ನಂಥ ವಾಣಿಜ್ಯ ಪದವೀಧರನಿಗೆ ಅಪರಿಚಿತವಲ್ಲ. ಲೆಕ್ಕ ಪರಿಶೋಧಕರು ಎಲ್ಲ ವೋಚರುಗಳನ್ನೂ ನೋಡುವುದಿಲ್ಲ, ಕೆಲವನ್ನು ಆರಿಸಿ ನೋಡುತ್ತಾರೆ. ಇಲ್ಲಿಯೂ ಹಾಗೆಯೇ. ನೂರಕ್ಕೆ ಹತ್ತು ರಾಸುಗಳಿಗೆ ಸೋಂಕಿರುವ ದೊಡ್ಡ ಹಿಂಡಿನಿಂದ ಪಕ್ಷಪಾತವಿಲ್ಲದೆ 29 ರಾಸುಗಳನ್ನು ಆರಿಸಿ ರಕ್ತ ಪರೀಕ್ಷಿಸಿದರೆ, ಪರೀಕ್ಷೆ ತಪ್ಪದಿದ್ದಲ್ಲಿ, ಸೋಂಕಿನ ಒಂದಾದರೂ ರಾಸು ಸಿಕ್ಕಿಬೀಳುವ ಸಂಭವ ನೂರಕ್ಕೆ 95. ಸೋಂಕು ನೂರಕ್ಕೆ ಒಂದರಷ್ಟೇ ಇದ್ದರೆ 29 ಸಾಲದು, ಸುಮಾರು 300 ಬೇಕು. ರೋಗ ಕಡಿಮೆಯಾದಷ್ಟೂ ಹುಡುಕುವ ಶ್ರಮ ಹೆಚ್ಚು. ‘ರೋಗ ಇಳಿದಿದೆ, ಇನ್ನು ತಪಾಸಣೆಗೆ ಹಣವೇಕೆ?’ ಎಂದು ಕೇಳುವವರು ಈ ಎರಡು ಅಂಕಿಗಳನ್ನು ಗಮನಿಸಬೇಕು.

ದೊಡ್ಡರೋಗದ ಕಥೆಯೇ ಇದಕ್ಕೆ ಸಾಕ್ಷಿ. ಹಿಂದೆ ಊರೂರಿನ ಕೊಟ್ಟಿಗೆಗಳನ್ನೇ ಬರಿದುಮಾಡುತ್ತಿದ್ದ ಆ ಪಿಡುಗಿಗೆ ಸೀರಂ ತಯಾರಿಸಲೆಂದೇ 1925ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. 1954ರಲ್ಲಿ ದೇಶವ್ಯಾಪಿ ಲಸಿಕೆಯ ಕಾರ್ಯ ಆರಂಭವಾಯಿತು. ಭಾರತದಲ್ಲಿ ಆ ರೋಗ ಕೊನೆಯದಾಗಿ ಕಾಣಿಸಿಕೊಂಡದ್ದು 1995ರಲ್ಲಿ, ನಾವೀಗ ನೆಲೆಸಿರುವ ಈ ತಮಿಳುನಾಡಿನಲ್ಲಿಯೇ. ಆದರೆ ಭಾರತವು ಸೋಂಕಿನಿಂದ ಮುಕ್ತವೆಂದು ಜಗತ್ತು ಒಪ್ಪಿದ್ದು 2006ರಲ್ಲಿ. ನಡುವಣ ವರ್ಷಗಳಲ್ಲಿ ನಡೆದದ್ದೇನು? ಲಸಿಕೆಯನ್ನು ನಿಲ್ಲಿಸಿ, ಪಶುವೈದ್ಯ ಸಿಬ್ಬಂದಿ ಹಳ್ಳಿಹಳ್ಳಿ ತಿರುಗಿ, ದನಗಳು ಸಾಗುವ ದಾರಿಗಳಲ್ಲಿ ನಿಂತು, ಇಲ್ಲದ ರೋಗವನ್ನು ಹುಡುಕಿದರು. ಲಸಿಕೆ ಹಾಕಿದ ಹಸುವಿನ ರಕ್ತದಲ್ಲಿಯೂ ರೋಗ ಬಂದುಹೋದ ಹಸುವಿನ ರಕ್ತದಲ್ಲಿಯೂ ಒಂದೇ ಬಗೆಯ ಗುರುತು ಕಾಣುತ್ತಿದ್ದುದರಿಂದ, ಲಸಿಕೆ ನಿಲ್ಲಿಸುವ ಧೈರ್ಯವಿಲ್ಲದೆ ರೋಗವಿಲ್ಲವೆಂದು ಸಾಧಿಸುವಂತಿರಲಿಲ್ಲ. 2011ರಲ್ಲಿ ಇಡೀ ಲೋಕದಿಂದಲೇ ಅದು ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಮಾನವನು ಬೇರುಸಹಿತ ಕಿತ್ತ ರೋಗಗಳು ಎರಡೇ, ಸಿಡುಬು ಮತ್ತು ಇದು. ಮೊದಲನೆಯದು ಶಾಲೆಯ ಮಕ್ಕಳಿಗೂ ಗೊತ್ತು. ಎರಡನೆಯದಕ್ಕಾಗಿ ಹಳ್ಳಿ ತಿರುಗಿದವರ ಹೆಸರನ್ನು ಯಾರೂ ಕೇಳಿದ್ದಿಲ್ಲ.

ಈಗಿನ ವ್ಯವಸ್ಥೆಯ ಬಗೆಗೆ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. 2019ರಲ್ಲಿ ಕೇಂದ್ರ ಸರ್ಕಾರವು ಕಾಲುಬಾಯಿ ಜ್ವರ ಹಾಗೂ ಕಂದು ರೋಗಗಳ ನಿಯಂತ್ರಣಕ್ಕೆ 13,343 ಕೋಟಿ ರೂಪಾಯಿಗಳ ಕಾರ್ಯಕ್ರಮವನ್ನು ಹಮ್ಮಿಕೊಂಡಿತು. ರಾಸುಗಳಿಗೆ 12 ಅಂಕಿಗಳ ಕಿವಿಯೋಲೆ ಬಂದಿತು. ಇವೆಲ್ಲ ಸ್ತುತ್ಯವೇ. ಆದರೆ ರೋಗದ ಸುದ್ದಿ ಕೊಡಬೇಕಾದ ರೈತನ ಸ್ಥಿತಿಯೇನು? 2009ರ ಕಾಯಿದೆಯಂತೆ ಸಾಂಕ್ರಾಮಿಕ ರೋಗದ ಅನುಮಾನ ಬಂದೊಡನೆ ವರದಿ ಮಾಡುವುದು ಮಾಲೀಕನ ಕರ್ತವ್ಯ. ವರದಿ ಮಾಡಿದರೆ ಸಂತೆ ನಿಲ್ಲುತ್ತದೆ, ಹಾಲಿನ ಗಿರಾಕಿ ದೂರವಾಗುತ್ತಾನೆ, ನೆರೆಯವರು ಮುಖ ತಿರುಗಿಸುತ್ತಾರೆ. ಬಾಯಿ ಮುಚ್ಚಿಕೊಂಡು ರಾಸನ್ನು ಮುಂದಿನ ಸಂತೆಯಲ್ಲಿ ಮಾರಿದವನಿಗೆ ಒಂದಿಷ್ಟಾದರೂ ಹಣ ಬರುತ್ತದೆ. ಸತ್ಯ ಹೇಳಿದವನಿಗೆ ನಷ್ಟ, ಮರೆಮಾಚಿದವನಿಗೆ ಲಾಭ ಎಂಬ ಲೆಕ್ಕವಿರುವ ತನಕ ಯಾವ ಕಾಯಿದೆಯಿಂದಲೂ ಸುದ್ದಿ ಹುಟ್ಟದು. 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿಗಳಂತೆ ಕರ್ನಾಟಕ ಸರ್ಕಾರವು ಪರಿಹಾರ ಘೋಷಿಸಿದ್ದು ಸರಿಯಾದ ಹೆಜ್ಜೆ. ಅದು ರೋಗ ಹರಡಿ ಕೂಗೆದ್ದ ಮೇಲೆ ಕೊಡುವ ಔದಾರ್ಯವಾಗದೆ, ಮೊದಲು ಸುದ್ದಿ ಕೊಟ್ಟವನಿಗೆ ಮುಂಚೆಯೇ ಗೊತ್ತಿರುವ ಹಕ್ಕಾಗಬೇಕು.

ಎರಡನೆಯದಾಗಿ, ನಮ್ಮ ಕಡತಗಳು. ವಿಮೆಯ ಪ್ರತಿಯೊಂದು ಅರ್ಜಿಯಲ್ಲಿಯೂ ಊರು, ತಾರೀಖು, ಓಲೆಯ ಸಂಖ್ಯೆ, ಸಾವಿನ ಕಾರಣ, ಪಶುವೈದ್ಯರ ಪ್ರಮಾಣಪತ್ರ ಇರುತ್ತವೆ. ನನ್ನ ಶಾಖೆಯಲ್ಲಿ ಅವು ಹಣ ಬಂದ ಮೇಲೆ, ಅಥವಾ ಬಾರದ ಮೇಲೆ, ಬೀರು ಸೇರುತ್ತಿದ್ದುವು. ಡೇರಿಯ ಪುಸ್ತಕವಂತೂ ಬೆಳಿಗ್ಗೆ ಸಂಜೆ ಬರೆಯುವ ಆರೋಗ್ಯ ಪತ್ರಿಕೆಯೇ ಸರಿ. ಜ್ವರ ಬಂದ ಹಸು ಮೊದಲು ಹಾಲು ಇಳಿಸುತ್ತದೆ. ಈ ಎರಡೂ ಲೆಕ್ಕಗಳು ವಾರಕ್ಕೊಮ್ಮೆ ಪಶುವೈದ್ಯ ಇಲಾಖೆಗೂ ಯಲಹಂಕಕ್ಕೂ ತಲಪುವಂತಾಗಬೇಕೆಂಬುದು ನನ್ನ ಸಲಹೆ. ರೈತರ ಹೆಸರು, ಸಾಲದ ವಿವರ ಬೇಕಿಲ್ಲ. ಊರು, ಸಂಖ್ಯೆ ಸಾಕು. ಇದರಲ್ಲಿ ಕೊರತೆಯುಂಟು: ಸಾಲ ತೆಗೆದ ಸೀಮೆಹಸುವಿನ ಸಾವು ಕಾಣುತ್ತದೆ, ಬಡವನ ಮೇಕೆಯದೂ ನಾಟಿ ಹಸುವಿನದೂ ಕಾಣುವುದಿಲ್ಲ. ಆದುದರಿಂದ ಇದು ರಕ್ತ ಪರೀಕ್ಷೆಗೆ ಬದಲಿಯಲ್ಲ. ಎಲ್ಲಿ ಹೋಗಿ ಪರೀಕ್ಷಿಸಬೇಕೆಂಬುದನ್ನು ತೋರಿಸುವ ಬೆರಳು, ಅಷ್ಟೆ. ಇನ್ನೊಂದು ಎಚ್ಚರಿಕೆಯೂ ಇದೆ. ‘ರೋಗವಿಲ್ಲ’ ಎಂಬ ವರದಿಯೂ ‘ವರದಿಯೇ ಇಲ್ಲ’ ಎಂಬುದೂ ಒಂದಲ್ಲ. ಬ್ಯಾಂಕಿನಲ್ಲಿ ಸೊನ್ನೆ ಬರೆದ ಖಾನೆಯನ್ನೂ ಖಾಲಿ ಬಿಟ್ಟ ಖಾನೆಯನ್ನೂ ಒಂದೇ ಎಂದವನಿಗೆ ಮೆಮೊ ಸಿಗುತ್ತದೆ.

ಇದು ದನಗಳ ಮಾತಾಯಿತು, ಮನುಷ್ಯರಿಗೇನು ಎನ್ನುವವರು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡನ್ನು ನೆನೆಯಬೇಕು. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದುವು, ಜನರೂ ಜ್ವರದಿಂದ ಸತ್ತರು. ಕಾಡಿನಲ್ಲಿ ಮೇಯುವ ದನಗಳ ಮೈಮೇಲೆ ಉಣ್ಣೆಗಳು ಬೆಳೆದು ಹೆಚ್ಚುತ್ತವೆ. ರೋಗ ದಾಟುವುದು ಆ ಉಣ್ಣೆಗಳಿಂದ. ಮಂಗ ಸತ್ತ ಸುದ್ದಿಯನ್ನು ಯಾರು ಬೇಗ ಕೊಡುತ್ತಾರೋ ಅವರು ಊರನ್ನು ಉಳಿಸುತ್ತಾರೆ. ಅದು ಶಿವಮೊಗ್ಗದ ಕಾಯಿಲೆಯೆಂದು ಕುಳಿತಿದ್ದಾಗ 2012-13ರಲ್ಲಿ ಬಂಡೀಪುರದಲ್ಲಿಯೂ ನೀಲಗಿರಿಯಲ್ಲಿಯೂ ಕಾಣಿಸಿಕೊಂಡಿತು. ಗಡಿಯ ಎರಡು ಕಡೆಯೂ ಒಂದೇ ಕಾಡು. ಕಡತಗಳು ಮಾತ್ರ ಎರಡು.

ಕಂದು ರೋಗದ ವಿಷಯವನ್ನು ಈ ಸಂಚಿಕೆಯ ವೈದ್ಯ ಮಿತ್ರರು ನನಗಿಂತ ಚೆನ್ನಾಗಿ ಬಲ್ಲರು. ಹಸು ಅಕಾಲದಲ್ಲಿ ಕಂದು ಹಾಕಿದಾಗ ಬರಿಗೈಯಲ್ಲಿ ಮಾಸು ತೆಗೆದವರಿಗೂ ಹಸಿ ಹಾಲು ಕುಡಿದವರಿಗೂ ಅದು ತಗುಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವುಗಳಾಗಿ ತಿಂಗಳುಗಟ್ಟಲೆ ಕಾಡುತ್ತದೆ. ರಜೆಗೆ ಊರಿಗೆ ಹೋಗಿ ‘ಆಗ ತಾನೇ ಕರೆದ ಹಾಲು’ ಎಂದು ಮಕ್ಕಳಿಗೆ ಹಸಿಯಾಗಿ ಕುಡಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಕೊಟ್ಟಿಗೆಯ ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಇದರ ಲಸಿಕೆಯಾಗಿದೆಯೇ ಎಂದು ದೂರವಾಣಿಯಲ್ಲಿ ವಿಚಾರಿಸಿ.

ನಾನು ಕಳೆದ ಸಲ ಊರಿಗೆ ಹೋದಾಗ ವಿಚಾರಿಸಿದೆ. ಅಣ್ಣನ ನಾಲ್ಕು ರಾಸುಗಳಲ್ಲಿ ಮೂರಕ್ಕೆ ಓಲೆಯಿತ್ತು. ನಾಲ್ಕನೆಯದಕ್ಕೆ ಏಕಿಲ್ಲವೆಂದರೆ, ಚುಚ್ಚಿದರೆ ಕರುವಿಗೆ ನೋವಾಗುತ್ತದೆಂದು ಅತ್ತಿಗೆ ಬಿಡಲಿಲ್ಲವಂತೆ. ಕೋಲಾರದ ಆ ಹೆಣ್ಣುಮಗಳ ಕಥೆಯನ್ನು ಹೇಳಿದೆ. ಅತ್ತಿಗೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳ ಸಾಲ ಏನಾಯಿತಪ್ಪಾ?” ಎಂದರು. ಇನ್ನೊಂದು ಹಸುವನ್ನು ಮಾರಿ ತೀರಿಸಿದಳು ಎಂದೆ. ಕರುವಿಗೆ ಓಲೆ ಹಾಕಿಸಿದ್ದೇವೆಂದು ಹದಿನೈದು ದಿನಗಳಾದ ಮೇಲೆ ಅಣ್ಣ ಫೋನು ಮಾಡಿದ.